ಆಗಸ್ಟಿನಲ್ಲೇ ಬಿಟ್ಟುಕೊಟ್ಟ ನನ್ನ ಕೆಲಸ

ಅಲೋಯಿಸ್,

ಬಾರ್ಲಿ ಸೂಪು ಒಲೆಯ ಮೇಲಿದೆ, ಬಿಸಿ ಮಾಡಿಕೊ. ಸಂಜೆ ಹಸುಗಳಿಗೆ ನೀನೇ ಹುಲ್ಲು ಹಾಕು.

ಬೆಳಿಗ್ಗೆ ಬ್ರೆಡ್ ತರಲು ಹೋದಾಗ ಸ್ಕೀ ಶಾಲೆಯ ಕಾಸ್ಪರ್ ಸಿಕ್ಕಿದ್ದ. "ಮಂಡಿ ಹೇಗಿದೆ ಬುರ್ಗಿ? ಈ ಚಳಿಗಾಲ ನೀವು ಕಲಿಸೋಕೆ ಬರಲ್ಲ ಅಂತ ನಿಮ್ಮ ಯಜಮಾನ್ರು ಆಗಸ್ಟ್‌ನಲ್ಲೇ ಹೇಳಿ ಹೋದ್ರಲ್ಲ" ಅಂದ. ನನ್ನ ಜಾಗಕ್ಕೆ ಬೇರೆಯವಳು ಬಂದಾಗಿದೆ.

ಆಗಸ್ಟ್! ಆಮೇಲೂ ಮೂರು ತಿಂಗಳು ನಾನು ಮಂಡಿ ಗಟ್ಟಿಯಾಗಲೆಂದು ದಿನಾ ಚರ್ಚಿನ ಹಿಂದಿನ ಗುಡ್ಡ ಹತ್ತಿ ಇಳಿದೆ. ಸಾಕಾಗಿ ಹಾಸಿಗೆಯಲ್ಲೇ ಮುದುಡಿಕೊಂಡ ದಿನ ಹೊದಿಕೆ ಎಳೆದು, "ಏಳೇ ಬುರ್ಗಿ, ಹಿಮ ಬೀಳೋಕೆ ಇನ್ನೆಷ್ಟು ದಿನ ಇದೆ?" ಎಂದು ಎಬ್ಬಿಸಿದವನು ನೀನು. ಊದಿದ ಮಂಡಿಗೆ ಐಸ್ ಕಟ್ಟಿದವನೂ ನೀನೇ.

"ಹೋದ ವರ್ಷದಂತೆ ನೀನು ಸ್ಕೀ ಮಾಡುವಾಗ ಮತ್ತೆ ಬಿದ್ದುಬಿಡುತ್ತೀಯೆಂದು ಹೆದರಿದ್ದೆ" ಎನ್ನುತ್ತೀಯ, ಗೊತ್ತು. ಹೆದರಿದ್ದರೆ ನನ್ನೆದುರು ಹೇಳಬೇಕಿತ್ತು. ಜಗಳವಾಡುತ್ತಿದ್ದೆವು, ಅಷ್ಟೇ. ನೀನು ನನ್ನನ್ನು ಸುಮ್ಮನೆ ಕುಣಿಸಿದೆ.

ಆ ಗುಡ್ಡಕ್ಕೇ ಹೋಗಿದ್ದೇನೆ. ಹುಡುಕಿಕೊಂಡು ಬರಬೇಡ. ಇಷ್ಟು ದಿನ ಕೆಲಸಕ್ಕಾಗಿ ಹತ್ತಿದೆ. ಇವತ್ತು ಮನೆಯಲ್ಲಿ ಕೂತು ನಿನ್ನ ಮುಖ ನೋಡಲಾಗದೆ ಹತ್ತುತ್ತಿದ್ದೇನೆ.

ಬುರ್ಗಿ