ನಲವತ್ತೊಂದನೆಯ ಚರ್ಮದ ಬಾಲ

ಸಂಡೂರು ಪ್ರಾಣಿಮನೆ
ಕ್ರಿ.ಶ. ೨೩೯೧, ಹದಿಮೂರನೆಯ ತಿಂಗಳ ಆರನೆಯ ದಿನ

ಮುನ್ನೂರು ವರ್ಷದ ಹಿಂದೆ ಅರಣ್ಯ ಕ್ಯಾಂಪಿನಲ್ಲಿ ಪ್ರಾಣಿಗಳ ಚರ್ಮಕ್ಕೆ ಜಾತಿಯ ಚೀಟಿ ಬರೆಯುವ ಈರಬಸಪ್ಪನವರಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮ ಮುಂಗುಸಿ ಬಂಡೆಯ ಮೇಲೆ ನಿಂತು ಕೂಗುತ್ತಿತ್ತು. ಸುತ್ತಲಿನ ಮುಂಗುಸಿಗಳು ಒಂದೂ ತಿರುಗಿ ನೋಡಲಿಲ್ಲ. ಎದ್ದವಳು ನೀರೂ ಕುಡಿಯದೆ ಬರೆಯಲು ಕೂತೆ. ಮೇಲಿನ ತಾರೀಖು, ಕೆಳಗಿನ ಮಾತು ವಿಚಿತ್ರ ಕಂಡರೆ ಮನ್ನಿಸಬೇಕು. ಬೇಸಗೆ ಉದ್ದವಾದ ಮೇಲೆ ನಮಗೆ ತಿಂಗಳೊಂದು ಹೆಚ್ಚಾಗಿದೆ. ಮೇಲಾಗಿ ನಾನು ನಾಲ್ಕನೇ ಕ್ಲಾಸನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು.

ನಮ್ಮಲ್ಲಿ ‘ಮರುಹುಟ್ಟು’ ಎಂಬ ಕೆಲಸವಿದೆ. ಹಳೆಯ ಚರ್ಮದಿಂದ ಜೀವಂತ ಪ್ರಾಣಿಯನ್ನು ಬೆಳೆಸುವುದು. ನೀವಿಟ್ಟ ನಲವತ್ತೊಂದನೆಯ ಚರ್ಮ ಪೂರ್ತಿ ಅದಕ್ಕೇ ಖರ್ಚಾಗಿ, ಒಂದು ಹೆಣ್ಣು ಮುಂಗುಸಿ ಹುಟ್ಟಿತು. ಎರಡು ವರ್ಷದಿಂದ ಸಾಕುತ್ತಿದ್ದೇನೆ. ಮೊಟ್ಟೆ ಕೊಟ್ಟರೆ ಹಿಂಗಾಲುಗಳ ನಡುವಿನಿಂದ ಗೋಡೆಗೆ ಎಸೆದು ಒಡೆಯುತ್ತದೆ. ಬೆಕ್ಕಿನಂತೆ ಉಗುರು ಒಳಗೆಳೆದುಕೊಳ್ಳಲು ಬಾರದು. ಕಣ್ಣಪಾಪೆ ಆಡಿನದರಂತೆ ಅಡ್ಡ. ಹಿಂದೆ ಇವುಗಳನ್ನು ಪುನುಗುಬೆಕ್ಕಿನ ಕುಟುಂಬಕ್ಕೇ ಸೇರಿಸಿದ್ದರಂತೆ, ಆಮೇಲೆ ಬೇರೆ ಮಾಡಿದರಂತೆ. ಓದಿದವರೂ ತಪ್ಪುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಿಮ್ಮ ಚೀಟಿಯಲ್ಲಿ ‘ಕೆಂಪು ಮುಂಗುಸಿ, ಬಾಲದ ತುದಿ ಕಪ್ಪು’ ಎಂದಿದೆ. ಇದರ ಬಾಲದ ತುದಿ ಕಪ್ಪಿಲ್ಲ. ಮೈಬಣ್ಣ ನೋಡಿ ಕೆಂಪು ಮುಂಗುಸಿಯೋ ಬೂದು ಮುಂಗುಸಿಯೋ ಹೇಳುವುದು ಕಷ್ಟ. ಗುರುತೆಂದರೆ ಬಾಲದ ತುದಿಯೇ: ಕೆಂಪಿನದಕ್ಕೆ ಕಪ್ಪು, ಬೂದಿನದಕ್ಕೆ ಕಪ್ಪಿಲ್ಲ. ಆದರೆ ನಮ್ಮ ಕಾನೂನಿನಲ್ಲಿ ಜಾತಿ ಹೇಳುವುದು ಚೀಟಿ, ಪ್ರಾಣಿಯಲ್ಲ. ಮೇಲ್ವಿಚಾರಕ ಜಂಬಣ್ಣನಿಗೆ ತೋರಿಸಿದೆ. “ಹೊನ್ನೂರಕ್ಕ, ಮುನ್ನೂರು ವರ್ಷದ ಚೀಟಿ ಸುಳ್ಳಾಗತೈತೇನು? ನಿನ್ ಮಗಳು ಇನ್ನಾ ಸಣ್ಣಾಕಿ. ಕರ್ರಗಾಗ್ತಾಳ ಬಿಡು” ಎಂದು ನಕ್ಕ. ಎರಡು ವರ್ಷದ ಮುಂಗುಸಿ ಸಣ್ಣದೇ?

ನಾಡಿದ್ದು ಅದನ್ನು ಕೆಂಪು ಮುಂಗುಸಿಗಳ ಕಲ್ಲುಗುಡ್ಡಕ್ಕೆ ಬಿಡುತ್ತಾರೆ. ಹೊಳೆಯಾಚೆಯ ಹೊಲಗಳಲ್ಲಿ ಬೂದು ಮುಂಗುಸಿ ಮೂರೇ ಉಳಿದಿವೆ, ಮೂರೂ ಗಂಡು. ನಮ್ಮದು ಬೂದು ಆಗಿದ್ದರೆ, ಗುಡ್ಡದಲ್ಲಿ ಇದಕ್ಕೆ ಜೋಡಿಯಿಲ್ಲ, ಹೊಲದಲ್ಲಿ ಅವಕ್ಕೆ ಹೆಣ್ಣಿಲ್ಲ. ಅಲ್ಲಿಗೆ ಆ ಜಾತಿಯೇ ಮುಗಿಯಿತು.

ಚೀಟಿಯೊಂದಿಗೆ ನಿಮ್ಮ ಫೋಟೊ ಇದೆ. ಮಳೆಗೆ ಒಣಗದ ಚರ್ಮವನ್ನು ಕ್ಯಾಂಪಿನ ಕಟ್ಟಿಗೆ ಒಲೆಯ ಮೇಲೆ ತೂಗುಹಾಕಿದ್ದೀರಿ. ತಲೆ ಮೇಲೆ, ಬಾಲ ಹೊಗೆಯೊಳಗೆ. ಆ ಕಪ್ಪು ಮಸಿ ಇರಬಹುದು. ನನ್ನ ಕಣ್ಣೇ ತಪ್ಪಿರಲೂಬಹುದು, ಅದೂ ಹೆದರಿಕೆಯೇ. ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಇದನ್ನು ಕಳಿಸುತ್ತಿದ್ದೇನೆ; ನೀವು ಅಲ್ಲಿ ಸರಿಯಾಗಿ ಬರೆದರೆ ಇಲ್ಲಿಯ ಚೀಟಿಯೂ ಸರಿಯಾಗಿರುತ್ತದೆ.

ದಯವಿಟ್ಟು ಚೀಟಿ ಬರೆಯುವ ಮೊದಲು ಬಾಲದ ತುದಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಬಟ್ಟೆಗೆ ಕಪ್ಪು ಹತ್ತಿತೇ ಎಂದು ಇನ್ನೊಮ್ಮೆ ನೋಡಿ.