ಒಗ್ಗರಣೆಗೆ ಮುನ್ನ ಎಳೆಯುವ ಉಸಿರು

ಝಗಾಝಿಗ್,
9 ಜೂನ್ 1997

ಪ್ರೀತಿಯ ಬಹೀಗಾ ಅತ್ತಿಗೆ,

ಅಸ್ವಾನಿನ ಆ ಬಿಸಿಲಲ್ಲೂ ನೀವೆಲ್ಲ ತಂಪಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮೊಮ್ಮಗಳು ನುಹಾಳ ಕಾಗದ ಬಂದು ಮೂರು ವಾರವಾಯಿತು. ಶಾಲೆಯ ಪ್ರಬಂಧಕ್ಕೆ ‘ಶಹ್ಕಾ’ ಎಂಬ ಅಡುಗೆಮನೆಯ ಮಾತಿನ ಅರ್ಥ, ಮೂಲ ಕೇಳಿದ್ದಳು. ತಡ ಮಾಡಿದ್ದಕ್ಕೆ ನನ್ನ ಪರವಾಗಿ ಅವಳ ಕೆನ್ನೆಗೆ ಎರಡು ಮುತ್ತು ಕೊಡಿ.

ಅರ್ಥವೇನೋ ಸುಲಭ: ಒಳಕ್ಕೆ ಸರ್ರನೆ ಎಳೆದ ಉಸಿರು. ಬೆಚ್ಚಿದವರದು, ಬಿಕ್ಕುವವರದು. ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆ ಬೀಳುವಾಗ ನಮ್ಮ ಹೆಂಗಸರು ಎಳೆಯುವುದೂ ಅದನ್ನೇ. ಎಳೆಯದಿದ್ದರೆ ಅದು ಸಾರೇ ಅಲ್ಲ. ಮೂಲ ಮಾತ್ರ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯ ಉಮ್ ಆತಿಫ್ ಪ್ರಕಾರ, ಊಟ ತಡವಾಯಿತೆಂದು ಸುಲ್ತಾನನ ಭಟ ಕತ್ತಿ ಹಿಡಿದು ಬಂದನಂತೆ, ಅಡುಗೆಯವಳು ಬೆಚ್ಚಿ ಉಸಿರೆಳೆದಳಂತೆ, ಅಂಥ ಸಾರು ಹಿಂದೆಂದೂ ಆಗಿರಲಿಲ್ಲವಂತೆ.

“ನೀನು ಕಣ್ಣಾರೆ ಕಂಡಿದ್ಯಾ?” ಅಂದೆ.

“ಪುಸ್ತಕದಲ್ಲಿರೋದನ್ನೆಲ್ಲ ನೀನು ಕಂಡಿದ್ಯಾ?” ಅಂದಳು.

ತಡಕ್ಕೆ ಕಾರಣ ಅಮ್ಮ. ಪಾರ್ಶ್ವವಾಯುವಿನಿಂದ ಮಾತು ಹೋದದ್ದು ನಿಮಗೆ ಗೊತ್ತು. ಕಳೆದ ವಾರ ಊಟವನ್ನೂ ಬಿಟ್ಟರು. ಚಮಚ ಹತ್ತಿರ ತಂದರೆ ತುಟಿ ಬಿಗಿಯುತ್ತಿದ್ದರು. “ನುಂಗೋ ಶಕ್ತಿ ಇದೆ, ಮನಸ್ಸಿಲ್ಲ. ಗುರುವಾರದೊಳಗೆ ತಿನ್ನದಿದ್ರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ,” ಎಂದರು ವೈದ್ಯರು.

ಬುಧವಾರ ಮೊಲದ ಸಾರು ಕಾಯಿಸಿ ಸೊಪ್ಪು ಹೆಚ್ಚಿ ಹಾಕಿದೆ. ಅಮ್ಮನನ್ನು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿಯಲ್ಲಿ ಕೂರಿಸಿದ್ದೆ. ಬೆಳ್ಳುಳ್ಳಿ ಕೆಂಪಾಯಿತು. ಬಾಣಲೆ ಎತ್ತಿದೆ. ಆ ಉಸಿರು ಎಂದಿನಂತೆ ನನಗೆ ಬರಲಿಲ್ಲ.

“ಎಳಿಯೇ ಮೇಷ್ಟ್ರಮ್ಮಾ! ಒಂದು ಉಸಿರೆಳೆದ್ರೆ ನಿನ್ನ ಎಂ.ಎ. ಸೋರಿಹೋಗುತ್ತಾ?” ಒಲೆಯ ಪಕ್ಕ ನಿಂತಿದ್ದ ಉಮ್ ಆತಿಫ್ ಕೂಗಿದಳು. “ಸೀದುಹೋಗ್ತಿದೆ ಕಣೇ! ನೀನು ಸುರಿ, ನಾನೇ ಎಳೀತೀನಿ.”

ಅವಳು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ ಬಂತು, ಅತ್ತಿಗೆ. ಇಡೀ ಅಡುಗೆಮನೆಯ ಗಾಳಿಯನ್ನು ಒಂದೇ ಸೆಳೆತಕ್ಕೆ ಒಳಗೆ ತೆಗೆದುಕೊಂಡಂಥ ಉಸಿರು. ಎರಡು ತಿಂಗಳಿಂದ ಒಂದಕ್ಷರ ಹೊರಡದ ಆ ಎದೆಯಿಂದ! ನನ್ನ ಕೈ ತಾನಾಗಿಯೇ ಬಾಗಿತು. ಒಗ್ಗರಣೆ ಚುಂಯ್ ಎಂದಿತು. ತಿರುಗಿದರೆ ಅಮ್ಮ, ಅರ್ಧ ಮುಖವಷ್ಟೇ ಅಲುಗುವ ಅಮ್ಮ, ಒಲೆಯನ್ನು ಮನೆಯೊಡತಿಯ ಕಣ್ಣಲ್ಲಿ ನೋಡುತ್ತಿದ್ದರು.

ಏಳು ಚಮಚ ಉಂಡರು. ನಳಿಗೆ ತಪ್ಪಿತು.

ಮಾತೆಲ್ಲ ಅಳಿದ ಮೈಯಲ್ಲಿ ಅದೊಂದು ಉಸಿರು ಎಲ್ಲಿ ಉಳಿದಿತ್ತೋ, ಯಾರು ಕಾಪಾಡಿಟ್ಟಿದ್ದರೋ! ಇಷ್ಟು ವರ್ಷ ಓದಿದ ಯಾವ ಪದ್ಯದ ಮುಂದೆಯೂ ನಾನು ಹಾಗೆ ಮೈ ಜುಮ್ಮೆಂದು ನಿಂತವಳಲ್ಲ. ಮೂಲದ ಬಗ್ಗೆ ನನಗೆ ತಿಳಿದದ್ದು ಇಷ್ಟೇ ಎಂದು ನುಹಾಗೆ ಹೇಳಿ.

ದೇವರು ನಿಮಗೆಲ್ಲ ಆಯಸ್ಸನ್ನೂ ಹಸಿವನ್ನೂ ಕೊಡಲಿ.

ನಿಮ್ಮ
ಇನ್ಶಿರಾಹ್

ಮರೆತು ಕೊನೆಗೆ ಸೇರಿಸುತ್ತಿರುವುದಲ್ಲ ಇದು, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಓದಿನ ಜಂಬದಿಂದ ನಾನು ಉಸಿರೆಳೆಯುವುದಿಲ್ಲವೆಂದು ನೀವೂ ಕಾಲೆಳೆಯುತ್ತಿದ್ದಿರಿ. ಇಪ್ಪತ್ತೊಂದು ವರ್ಷದ ಹಿಂದೆ, ಹೆರಿಗೆಯ ಕೋಣೆಯಲ್ಲಿ, ನನ್ನ ಮಗಳು ಅದೊಂದು ಉಸಿರು ಎಳೆಯಲೆಂದು ಕಿವಿಯೊಡ್ಡಿ ಕಾದಿದ್ದೆ. ಎಳೆಯಲಿಲ್ಲ. ಆಮೇಲೆ ಆ ಸದ್ದು ನನ್ನಿಂದಲೂ ಹೊರಡಲಿಲ್ಲ. ಅಂದು ನನ್ನ ತಲೆ ಹಿಡಿದು ನಿಂತಿದ್ದವರು ಅಮ್ಮ. ಅಲ್ಲಿಂದೀಚೆಗೆ ಒಗ್ಗರಣೆಯ ಹೊತ್ತಿಗೆ ಸರಿಯಾಗಿ ಎದ್ದು ಬಂದು, “ಸರಿ ಆಚೆ, ನಿನಗೆ ಬರಲ್ಲ,” ಎಂದು ಬಾಣಲೆ ಕಿತ್ತುಕೊಂಡು ತಾವೇ ಉಸಿರೆಳೆಯುತ್ತಿದ್ದರು. ನನ್ನ ಮೇಲೆ ನಂಬಿಕೆಯಿಲ್ಲವೆಂದು ಇಷ್ಟು ವರ್ಷ ಒಳಗೊಳಗೇ ಸಿಟ್ಟಾಗಿದ್ದೆ, ಅತ್ತಿಗೆ.