ಅಣ್ಣನ ಕಡತ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅತ್ತಿಗೆಗೆ,

ನನ್ನ ಅಕ್ಷರದ ಗುರುತು ಹತ್ತಿ ಕಾಗದವನ್ನು ಒಡೆಯದೆಯೇ ಒಲೆಗೆ ಹಾಕುತ್ತೀರೇನೋ ಎಂಬ ಭಯಕ್ಕೆ, ಲಕೋಟೆಯ ಮೇಲಿನ ವಿಳಾಸವನ್ನು ನಮ್ಮ ಲಾಂಡ್ರಿಯ ಗುಮಾಸ್ತರ ಕೈಯಲ್ಲಿ ಬರೆಸಿದ್ದೇನೆ. ಕೋಪ ಮಾಡಿಕೊಳ್ಳಬೇಡಿ. ಹೇಗೂ ಒಡೆದಿದ್ದೀರಿ, ಪೂರ್ತಿ ಓದಿಬಿಡಿ.

ಅಣ್ಣ ತೀರಿಕೊಂಡು ಒಂದೂವರೆ ತಿಂಗಳಾಯಿತು. ಸುದ್ದಿ ನಿಮಗೆ ಮುಟ್ಟಿತ್ತು ಎಂದು ಗೊತ್ತು, ಬರಲಿಲ್ಲವೆಂದು ದೂರುತ್ತಿಲ್ಲ. ಇದ್ದೊಬ್ಬ ತಮ್ಮನನ್ನು ಸೇತುವೆಯ ಮೇಲೆ ಕಳೆದುಕೊಂಡವರು ನೀವು. ಅವನನ್ನು ಹಿಡಿದುಕೊಟ್ಟವನು ನಿಮ್ಮ ಗಂಡನೇ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದಾಗ ಆ ಮನೆಯಲ್ಲಿ ಹೇಗೆ ತಾನೇ ಉಳಿಯುತ್ತಿದ್ದಿರಿ?

ಊರಿನವರದೂ ತಪ್ಪೆನ್ನಲಾರೆ. ನಮ್ಮನ್ನಾಳುತ್ತಿದ್ದ ಪರದೇಶದವರ ದಂಡನ್ನು ತಡೆಯಲು ಅಣ್ಣನೂ ಸೇರಿ ಹನ್ನೆರಡು ಜನ ಸೇತುವೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಸಿಪಾಯಿಗಳು ಪ್ರೆಸ್ಸಿಗೆ ನುಗ್ಗಿ, ಅಚ್ಚಿನ ಮೊಳೆ ಜೋಡಿಸುತ್ತ ನಿಂತಿದ್ದ ಅಣ್ಣನೊಬ್ಬನನ್ನೇ ಎಳೆದೊಯ್ದರು. ಮರುದಿನ ಬೆಳಿಗ್ಗೆ ಸೇತುವೆಯ ಆಚೆ ದಡದಲ್ಲಿ ಬಂದೂಕುಗಳು ಕಾದಿದ್ದವು. ಉಳಿದ ಹನ್ನೊಂದು ಜನರೂ ಸತ್ತರು. ಅದನ್ನು ಕೇಳಿ ಊರಿಗೆ ಊರೇ ಬೀದಿಗಿಳಿಯಿತು. ಆರು ವಾರದಲ್ಲಿ ಪರದೇಶದವರು ಹಡಗು ಹತ್ತಿದರು, ನಮ್ಮ ಪಟ್ಟಣ ತಾನೇ ಒಂದು ರಾಜ್ಯವಾಯಿತು, ಜೈಲಿನ ಬಾಗಿಲು ತೆರೆಯಿತು. ಅಣ್ಣ ನಡೆದುಕೊಂಡು ಮನೆಗೆ ಬಂದ. ನಡೆದುಕೊಂಡು ಬಂದದ್ದೇ ಅಪರಾಧವಾಯಿತು.

"ಅವರೆಲ್ಲ ಸತ್ರು, ನೀವೊಬ್ರೇ ಹೇಗೆ ಉಳಿದ್ರಿ?" ಎಂದು ನೀವು ಕೇಳಿದಿರಿ. ಅವನು ಎದ್ದು ಹಿತ್ತಿಲಿಗೆ ಹೋದ.

ನೀವು ಹೊರಟುಹೋದ ಮೇಲಿನದು ನಿಮಗೆ ತಿಳಿಯದು. ಪ್ರೆಸ್ಸಿನವರು ಮತ್ತೆ ಸೇರಿಸಿಕೊಳ್ಳಲಿಲ್ಲ. ಮನೆಯ ಜಗಲಿಯಲ್ಲೇ ಸ್ಟೌ ರಿಪೇರಿಗೆ ಕೂತ. ಕ್ಷೌರದಂಗಡಿಯವನು ಅವನನ್ನು ಕಂಡೊಡನೆ ಕುರ್ಚಿಯ ಮೇಲೆ ಟವೆಲ್ ಹಾಸಿ, "ಬೇರೆಯವ್ರು ಬರೋರಿದ್ದಾರೆ" ಎನ್ನುತ್ತಿದ್ದ. ಕೊನೆಗೆ ನಾನೇ ಕತ್ತರಿ ಹಿಡಿದೆ. ಕಿವಿಯ ಹತ್ತಿರ ಇಲಿ ಕಡಿದ ಹಾಗಾಗುತ್ತಿತ್ತು. "ಪರದೇಶದವ್ರೇ ವಾಸಿ ಕಣೇ ನಿನಗಿಂತ" ಎಂದು ನಗುತ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ಕಳೆಯಿತು.

ಪರದೇಶದವರು ಬಿಟ್ಟುಹೋದ ಕಡತಗಳು ಹಳೆಯ ಸುಂಕದ ಕಚೇರಿಯ ನೆಲಮಾಳಿಗೆಯಲ್ಲಿ ಸಿಕ್ಕಿವೆಯಲ್ಲ, ಅವನ್ನು ಈಗ ಮನೆಯವರಿಗೆ ಓದಲು ಕೊಡುತ್ತಿದ್ದಾರೆ. ಮೊನ್ನೆ ಹೋಗಿದ್ದೆ. ಉದ್ದನೆಯ ಮೇಜಿನ ಸುತ್ತ ಎಲ್ಲರೂ ಪರೀಕ್ಷೆ ಬರೆಯುವ ಮಕ್ಕಳಂತೆ ಪುಟಕ್ಕೆ ಕೈ ಅಡ್ಡ ಹಿಡಿದು ಓದುತ್ತಿದ್ದರು. ನನ್ನೆದುರಿದ್ದ ಮುದುಕರೊಬ್ಬರು ಓದುತ್ತ ಓದುತ್ತ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದರು, ಕಡತ ಮುಚ್ಚಿದರು, ಕುರ್ಚಿಯನ್ನು ಒಂದು ಮೊಳ ಆಚೆಗೆ ಎಳೆದುಕೊಂಡರು.

ಅಣ್ಣನ ಕಡತದಲ್ಲಿ ಎಲ್ಲ ಇದೆ. ಆರು ವಾರ ಅವನ ವಿಚಾರಣೆ ಮಾಡಿದ್ದಾರೆ. ಎಡಗೈಯ ಮೂರು ಬೆರಳು ಮುರಿದಿದ್ದಾರೆ; ನಮ್ಮ ಹತ್ತಿರ ಮೆಟ್ಟಿಲ ಮೇಲೆ ಬಿದ್ದೆ ಎಂದಿದ್ದನಲ್ಲ. ಒಂದು ಹೆಸರೂ ಅವನು ಹೇಳಲಿಲ್ಲ. ಸೇತುವೆಯ ವಿಷಯ ಅವರಿಗೆ ತಿಳಿದದ್ದು ಅವನ ಕೋಟಿನ ಅಸ್ತರಿನೊಳಗೆ ಸಿಕ್ಕ ಚೀಟಿಯಿಂದ. ನಿಮ್ಮ ತಮ್ಮನನ್ನು ಅವನು ಬಿಟ್ಟುಕೊಡಲಿಲ್ಲ, ಅತ್ತಿಗೆ. ಇದನ್ನು ತಿಳಿಸಬೇಕೆಂದೇ ಬರೆಯಲು ಕೂತೆ.

ಆದರೆ ನಿಮಗೆ ಇದು ಹೊಸದಲ್ಲ. ಒಂದೊಂದು ಕಡತಕ್ಕೂ ರಿಜಿಸ್ಟರಿನಲ್ಲಿ ಒಂದೊಂದು ಪುಟವಿದೆ, ಕಡತ ಪಡೆಯುವಾಗ ಅದರಲ್ಲಿ ಸಹಿ ಹಾಕಬೇಕು. ನನ್ನ ಮೇಲಿನ ಸಾಲಿನಲ್ಲಿ ನಿಮ್ಮ ಸಹಿ ಇತ್ತು, ಹತ್ತು ದಿನದ ಹಿಂದಿನದು. ಓದಿಯೂ ಒಂದು ಸಾಲು ಬರೆಯಲಿಲ್ಲ ನೀವು. ಏನು ಯೋಚಿಸುತ್ತಿದ್ದೀರಿ? ಯಾರಿಗಾದರೂ ಹೇಳಿದಿರಾ? ನಿನ್ನೆ ಲಾಂಡ್ರಿಯ ಎದುರು ಇಬ್ಬರು ನಿಂತು ಒಳಗೇ ನೋಡುತ್ತಿದ್ದರು. ನೀವು ಕಳಿಸಿದವರೇ? ಅವರನ್ನೇ ನೋಡುತ್ತ ಇಸ್ತ್ರಿಪೆಟ್ಟಿಗೆ ಮರೆತು ಒಂದು ಅಂಗಿ ಸುಟ್ಟೆ. ಇಷ್ಟು ವರ್ಷದಲ್ಲಿ ಅದೇ ಮೊದಲು.

ಅಣ್ಣನನ್ನು ಹಿಡಿಸಿದವರ ಬಗ್ಗೆ ಕಡತದಲ್ಲಿ ಒಂದೇ ಸಾಲಿದೆ: 'ಮನೆಯ ಹೆಂಗಸೊಬ್ಬಳ ಮಾತಿನ ಮೇರೆಗೆ.' ಹೆಸರಿಲ್ಲ. ಅವಸರದಲ್ಲಿ ಏನೋ ಗೀಚಿರಬಹುದು. ಅಕ್ಕಪಕ್ಕದವರನ್ನೂ ಮನೆಯವರೆಂದೇ ಬರೆದಿರಬಹುದು. ಅದನ್ನು ಹಿಡಿದು ಎಳೆದಾಡಬೇಡಿ. ಊರಿನವರಿಗೆ ಆ ಬೆರಳುಗಳ ಪುಟವೊಂದನ್ನು ತೋರಿಸಿದರೆ ಸಾಕಲ್ಲವೇ?

ಆರೋಗ್ಯ ನೋಡಿಕೊಳ್ಳಿ. ಬೈದಾದರೂ ಉತ್ತರ ಬರೆಯಿರಿ.

ನಿಮ್ಮ ನಾದಿನಿ,
ಗುಬ್ಬಿ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಆವಿಗೆ ಹಿಡಿದು ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ. ಆ ಮನೆಯಲ್ಲಿದ್ದ ಹೆಂಗಸರು ನಾವಿಬ್ಬರೇ. ನೀವಲ್ಲವೆಂದು ನಿಮಗೆ ಗೊತ್ತು.

ಹಲಗೆ ಗೋಡೆಯಾಚೆ ಅಣ್ಣನೂ ಜೊತೆಯವರೂ ಸೇತುವೆಯ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದೆ. ಅಲ್ಲಿಗೆ ಹೋದರೆ ಅಣ್ಣ ವಾಪಸು ಬರುವುದಿಲ್ಲ ಎನಿಸಿತು. ಲಾಂಡ್ರಿಗೆ ಸಮವಸ್ತ್ರ ತರುತ್ತಿದ್ದ ಸಿಪಾಯಿಯ ಹತ್ತಿರ, "ನಮ್ಮಣ್ಣ ಪ್ರೆಸ್ಸಲ್ಲಿ ಕರಪತ್ರ ಅಚ್ಚು ಹಾಕ್ತಾನೆ" ಎಂದಷ್ಟೇ ಹೇಳಿದೆ. ಕರಪತ್ರಕ್ಕೆ ಮೂರು ದಿನ ಕೂಡಿಹಾಕಿ ಬಿಡುತ್ತಿದ್ದರು. ನನಗೆ ಆ ಮೂರು ದಿನ ಬೇಕಿತ್ತು. ಚೀಟಿಯ ವಿಷಯ ಗೊತ್ತಿರಲಿಲ್ಲ.

ಬಿಡುಗಡೆಯಾಗಿ ಬಂದ ದಿನವೇ ಅಣ್ಣ ನನ್ನ ಮುಖ ನೋಡಿ ತಿಳಿದುಕೊಂಡ. "ನಿನ್ನ ಅತ್ತಿಗೆಗೂ ಹೇಳ್ಬೇಡ. ಊರಿನವ್ರು ನನ್ನನ್ನ ಬೈದು ಬಿಡ್ತಾರೆ, ನಿನ್ನನ್ನ ಬಿಡಲ್ಲ" ಎಂದ. ನನಗಾಗ ಹತ್ತೊಂಬತ್ತು. ನೀವು ಬಟ್ಟೆಯ ಗಂಟು ಹಿಡಿದು ಹೊರಟಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ನೀವು ಅವನ ಜೊತೆ ಉಳಿಯುತ್ತಿದ್ದಿರಿ. ಅದು ಗೊತ್ತಿದ್ದೇ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.